ಈ ಬೇಸಿಗೆಗೆ ಮನೆಯಲ್ಲೊಂದು ಪುರಾಣ ಹಚ್ಚಿ



ಈ ಪುಸ್ತಕ ಮೇಳದಲ್ಲಿ ನನ್ನ ಮೊದಲ ಮಾತು ಮಕ್ಕಳಿಗೆ. ನೀವು ಇಲ್ಲಿ ಕೂತು ನನ್ನ ಭಾಷಣ ಕೇಳಲೇಬೇಕೆಂದಿಲ್ಲ. ಆಗಲೇ ಕತ್ತು ಹೊರಳಿಸಿ ಮಳಿಗೆಗಳ ಕಡೆ ನೋಡುತ್ತಿದ್ದೀರಿ. ಎದ್ದು ಹೋಗಿ, ಪುಸ್ತಕ ಮುಟ್ಟಿ, ಪುಟ ತಿರುವಿ. ನನಗೆ ಕೆಲಸ ಇರುವುದು ನಿಮ್ಮ ಅಪ್ಪ ಅವ್ವಂದಿರ ಹತ್ತಿರ.

ಏಪ್ರಿಲ್ ಎರಡನೇ ವಾರಕ್ಕೆ ಫಲಿತಾಂಶ ಹೇಳಿ ಶಾಲೆಗೆ ಬೀಗ ಹಾಕಿದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಹೆಚ್ಚುಕಡಿಮೆ ಏಳು ವಾರ. ನಮ್ಮ ವಿಜಯಪುರದ ಬಿಸಿಲು ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟಿತೆಂದರೆ ಬೆಳಗಿನ ಹನ್ನೊಂದರಿಂದ ಸಂಜೆ ಐದರ ತನಕ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಹೀಗಾಗಿ ಮನೆಯಲ್ಲಿ ಮಕ್ಕಳೂ ಇರುತ್ತಾರೆ, ಬೇಕಾದಷ್ಟು ಹೊತ್ತೂ ಇರುತ್ತದೆ, ಪುಸ್ತಕ ಮಾತ್ರ ಇರುವುದಿಲ್ಲ. ಇದ್ದರೂ ಅದು ನವೋದಯ, ಸೈನಿಕ ಶಾಲೆ, ಮೊರಾರ್ಜಿ ಪ್ರವೇಶ ಪರೀಕ್ಷೆಯ ಗೈಡು. ಆ ಪರೀಕ್ಷೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಬಡವರ ಮಗು ಒಳ್ಳೆಯ ಶಾಲೆಯ ಮೆಟ್ಟಿಲು ಹತ್ತಲು ಅದೂ ಒಂದು ದಾರಿ. ಆದರೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದೇ ಓದು ಎಂದು ನಂಬಿದ ಮಗು ಪರೀಕ್ಷೆ ಮುಗಿದ ದಿನ ಓದನ್ನೂ ಮುಗಿಸಿಬಿಡುತ್ತದೆ.

ಬಳಸದಿದ್ದರೆ ಓದು ಕೈಬಿಟ್ಟು ಹೋಗುತ್ತದೆ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16 ಸಾವಿರ ಮಕ್ಕಳನ್ನು ನೋಡಿ 2021ರಲ್ಲಿ ವರದಿ ಕೊಟ್ಟರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲವನ್ನು ಮರೆತವರು ಶೇಕಡಾ 92 ಮಂದಿ. ಏಳು ವಾರದ ರಜೆಯನ್ನು ಆ ದೀರ್ಘ ಕತ್ತಲೆಯ ಪಕ್ಕ ಇಡುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಈಗಷ್ಟೇ ಒತ್ತಕ್ಷರ ಕೂಡಿಸಿ ಓದಲು ಕಲಿತ ಎರಡನೇ, ಮೂರನೇ ಇಯತ್ತೆಯ ಕೂಸಿಗೆ ಏಳು ವಾರವೂ ಸಣ್ಣದಲ್ಲ.

ಹಾಗಾದರೆ ಮಗುವನ್ನು ಹಿಡಿದು ಕೂಡ್ರಿಸಿ, ದಿನಾ ಹತ್ತು ಪುಟ ಓದು ಎಂದು ಗದರಿಸೋಣವೇ? ಬೇಡ, ದಯವಿಟ್ಟು ಬೇಡ.

ಶ್ರಾವಣ ಬಂತೆಂದರೆ ನಮ್ಮ ಕಡೆ ಊರೂರಿನ ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಪ್ರಭುಲಿಂಗಲೀಲೆಯೋ, ಶರಣಬಸವೇಶ್ವರ ಪುರಾಣವೋ, ಹೇಮರಡ್ಡಿ ಮಲ್ಲಮ್ಮನ ಪುರಾಣವೋ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಕೂತವರಲ್ಲಿ ಬಹಳ ಮಂದಿಗೆ ಅಕ್ಷರ ಬಾರದ ಕಾಲದಲ್ಲೂ ಆ ಕಥೆ ಎಲ್ಲರದಾಗಿತ್ತು. ಇವತ್ತಿನ ಪುರಾಣವನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು ಒಳ್ಳೆಯ ಪುರಾಣಿಕರಿಗೆ ಗೊತ್ತಿರುತ್ತದೆ. ಮುಂದೇನಾಯಿತೋ ಎನ್ನುತ್ತಲೇ ಜನ ಮನೆ ಸೇರಬೇಕು, ನಾಳೆ ತಾವಾಗಿ ಬಂದು ಕೂಡಬೇಕು. ಮತ್ತು, ಇದನ್ನು ಗಮನಿಸಿ, ಮಂಗಳಾರತಿಯಾದ ಮೇಲೆ ಯಾರನ್ನೂ ಎಬ್ಬಿಸಿ ನಿಲ್ಲಿಸಿ, ಇದರಿಂದ ನೀನು ಕಲಿತ ನೀತಿ ಯಾವುದು ಎಂದು ಕೇಳುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಈ ಬೇಸಿಗೆಗೆ ನಿಮ್ಮ ಮನೆಯಲ್ಲೂ ಒಂದು ಪುರಾಣ ಹಚ್ಚಿ. ರಾತ್ರಿ ಊಟ ಮುಗಿಸಿ ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತೀರಲ್ಲ, ಅದೇ ಸರಿಯಾದ ಹೊತ್ತು. ಒಂದು ಪುಸ್ತಕ, ಒಂದು ದೀಪ, ಇಪ್ಪತ್ತು ನಿಮಿಷ. ದೊಡ್ಡವರು ಓದಬೇಕು, ಮಕ್ಕಳು ಕೇಳಬೇಕು. ಐದನೇ ಇಯತ್ತೆಯ ಹುಡುಗನಿಗೆ ಓದಿ ಹೇಳುವುದೇ ಎಂದು ನಗಬೇಡಿ. ತಾನೇ ಅಕ್ಷರ ಕೂಡಿಸಿ ಓದಬಲ್ಲ ಕಥೆಗಿಂತ ಬಹಳ ದೊಡ್ಡ ಕಥೆಯನ್ನು ಆ ವಯಸ್ಸಿನ ಮಗು ಕೇಳಿ ತಿಳಿಯಬಲ್ಲದು. ಹೀಗೆ ಕಿವಿಗೆ ಬಿದ್ದ ಮಾತುಗಳು ನಾಳೆ ಪುಟದ ಮೇಲೆ ಎದುರಾದಾಗ ಗುರುತು ಹತ್ತುತ್ತವೆ. ಕಥೆ ಬಿಗಿಯಾದ ಕಡೆ ನಿಲ್ಲಿಸಿ, ಪುಸ್ತಕವನ್ನು ಕಪಾಟಿಗೆ ಸೇರಿಸದೆ ಹಾಸಿಗೆಯ ಹತ್ತಿರವೇ ಬಿಟ್ಟು ಮಲಗಿ. ಬೆಳಿಗ್ಗೆ ನೀವು ಏಳುವ ಮುಂಚೆ ಮಗು ಮುಂದಿನ ಪುಟ ಕದ್ದು ಓದಿದ್ದರೆ ಗದರಬೇಡಿ.

ಏನನ್ನು ಓದುವುದು? ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ 12 ಸಂಪುಟಗಳಲ್ಲಿದೆ, ಹೆಸರೇ ಹೇಳುವಂತೆ ಇದೇ ಕೆಲಸಕ್ಕೆ ಹುಟ್ಟಿದ್ದು. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮರುವರ್ಷ ಅದು ಬಂದದ್ದು ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ. ಈ ಕೊನೆಯ ಪುಸ್ತಕವನ್ನು ನಮ್ಮ ಜಿಲ್ಲೆಯಲ್ಲಿ ಓದಬೇಕು ಎಂದು ನನಗೆ ಬಹಳ ಅನಿಸುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಮನೆತನಗಳು ಈ ಸಭೆಯಲ್ಲೂ ಇರಬಹುದು. ಮಲೆನಾಡಿನ ಆ ಮುಳುಗಡೆಯ ಕಥೆ ಕಿವಿಗೆ ಬಿದ್ದರೆ ಸಾಕು, ಅಜ್ಜ ತನ್ನ ಊರಿನ ಅಗಸಿ ಎಲ್ಲಿತ್ತು, ಹೊಳೆ ಎಷ್ಟು ದೂರವಿತ್ತು ಎಂದು ಶುರು ಮಾಡುತ್ತಾನೆ. ಆಗ ಪುಸ್ತಕ ಮಡಚಿ ಇಡಿ. ಅವತ್ತಿನ ಪುರಾಣ ಅಜ್ಜನದು.

ಇನ್ನು ಸಿಸು ಸಂಗಮೇಶ, ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಈ ಜಿಲ್ಲೆಯವರೇ. ಮಕ್ಕಳಿಗಾಗಿ ಬರೆದವರ ಇಂಥ ಬಳಗ ಬೇರೆ ಜಿಲ್ಲೆಗಳಲ್ಲಿ ಸುಲಭಕ್ಕೆ ಸಿಗದು. ಇವರ ಪುಸ್ತಕ ಯಾವ ಮಳಿಗೆಯಲ್ಲಿದೆ ಎಂದು ಕೇಳಿ. ಇಲ್ಲವೆಂದರೆ ಯಾಕೆ ಇಲ್ಲ ಎಂದೂ ಕೇಳಿ.

ನಮ್ಮ ಮನೆಯಲ್ಲಿ ಓದಲು ಬರುವ ದೊಡ್ಡವರೇ ಇಲ್ಲ ಎನ್ನುವವರಿದ್ದಾರೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋದವರ ಮಕ್ಕಳು ಅಜ್ಜ, ಆಯಿಯ ಹತ್ತಿರ ಉಳಿದಿರುತ್ತಾರೆ. ಅಲ್ಲಿ ಪುರಾಣಿಕರು ಬದಲಾಗಲಿ. ಮೊಮ್ಮಗಳು ಓದಲಿ, ಆಯಿ ಅರ್ಥ ಹೇಳಲಿ. ತಡವರಿಸಿ ಓದಿದರೂ ಆಯಿ ತಪ್ಪು ಹಿಡಿಯುವುದಿಲ್ಲ, ಕಲಿಯುವ ಮಗುವಿಗೆ ಅವಳಿಗಿಂತ ಒಳ್ಳೆಯ ಕೇಳುಗರು ಬೇರೆ ಯಾರು? ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗಿನ ಹೆಸರಲ್ಲಿ ಅರಿವು ಕೇಂದ್ರಕ್ಕೆ, ಹೋಗಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಬೀಗ ಹಾಕಿದ್ದರೆ ಪಂಚಾಯಿತಿಯವರನ್ನು ಕೇಳುವ ಹಕ್ಕು ನಿಮಗಿದೆ.

ಮೊಬೈಲನ್ನು ಬೈಯದೆ ಇಂಥ ಭಾಷಣ ಮುಗಿಯುವುದಿಲ್ಲವೆಂದು ನೀವು ಕಾಯುತ್ತಿರಬಹುದು. ನಾನು ಬೈಯುವುದಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಅಂತರ್ಜಾಲದಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿಯಾಗಿ ಸಿಗುತ್ತವೆ. ಮೊಬೈಲು ನಿಮ್ಮ ಕೈಯಲ್ಲಿರಲಿ, ಮಗು ಮಗ್ಗುಲಲ್ಲಿರಲಿ.

ಕೊನೆಗೆ ಮಳಿಗೆಯವರಲ್ಲಿ ಎರಡು ವಿನಂತಿ. ಕೊಳ್ಳದ ಮಗುವೂ ಪುಸ್ತಕ ಎತ್ತಿ ನೋಡಲಿ, ನಾಲ್ಕು ಪುಟಕ್ಕೆ ಬೆರಳಿನ ಮಸಿ ಹತ್ತಿದರೆ ಹತ್ತಲಿ. ಆ ಮೂಲೆಯಲ್ಲಿ ಫ್ಯಾನಿನ ಕೆಳಗೆ ಒಂದು ಜಮಖಾನೆ ಹಾಸಿ, ಕೂತು ಓದುವವರು ಓದಲಿ. ಪಾಲಕರಲ್ಲಿ ಒಂದೇ ವಿನಂತಿ: ಮಗು ಒಂದು ಪುಸ್ತಕ ಆರಿಸಿ ತಂದರೆ ಅದನ್ನೇ ಕೊಡಿಸಿ, ಅದು ಬರೀ ದೆವ್ವದ ಕಥೆಯಾಗಿದ್ದರೂ ಸರಿ. ಮೇಳ ಉದ್ಘಾಟನೆಯಾಗಿದೆ. ಬನ್ನಿ, ಮಳಿಗೆಗಳಿಗೆ ಹೋಗೋಣ.