ಗುಳ್ಳೆ ಬದುಕಿದೆಯೇ, ಸತ್ತಿದೆಯೇ?

ಒಳಾಂಗಗಳಲ್ಲಿ ಲಾಡಿಹುಳುವಿನ ಮರಿ ಕಟ್ಟಿಕೊಳ್ಳುವ ನೀರುಗುಳ್ಳೆಯ ಬಗ್ಗೆ, ಅಂದರೆ ವೈದ್ಯರು ಹೈಡಾಟಿಡ್ ಎಂದು ಕರೆಯುವ ರೋಗದ ಬಗ್ಗೆ, ನೂರು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ ‘ಇದು ಹೈಡಾಟಿಡ್ ಹೌದೋ ಅಲ್ಲವೋ’ ಎಂಬುದು. ಆ ಪ್ರಶ್ನೆ ತಪ್ಪಲ್ಲ, ಅರ್ಧ ಪ್ರಶ್ನೆ. ಆ ಅರ್ಧಕ್ಕೂ ಉತ್ತರವನ್ನು ರೋಗಿಯ ರಕ್ತದಲ್ಲಿ ಹುಡುಕಲು ಹೊರಟದ್ದು ಈ ಶಾಸ್ತ್ರ ಹಿಡಿದ ಅಡ್ಡದಾರಿ ಎಂಬುದು ಪ್ರಸ್ತುತ ಆಶಯ ಭಾಷಣದ ನಿಲುವು. ವಿಕಿರಣಶಾಸ್ತ್ರ, ಶಸ್ತ್ರಚಿಕಿತ್ಸೆ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಪಶುವೈದ್ಯಕೀಯ ಕ್ಷೇತ್ರಗಳ ವಿದ್ವಾಂಸರನ್ನು ಒಂದೇ ಸೂರಿನಡಿ ಕೂಡಿಸಿದ ಸಂಘಟಕರು ಅಭಿನಂದನಾರ್ಹರು. ಈ ರೋಗದ ಮಟ್ಟಿಗೆ ಈ ನಾಲ್ವರು ಒಬ್ಬರ ವರದಿಯನ್ನು ಮತ್ತೊಬ್ಬರು ಓದುವುದೇ ಅಪರೂಪ.

ರೋಗಕ್ಕೆ ಕಾರಣವಾದ ಎಕಿನೊಕಾಕಸ್ ಗ್ರಾನುಲೋಸಸ್ ನಾಯಿಯ ಸಣ್ಣ ಕರುಳಿನಲ್ಲಿ ಬದುಕುವ, ಹೆಚ್ಚೆಂದರೆ ಅಕ್ಕಿಕಾಳಿನಷ್ಟು ಉದ್ದದ ಹುಳು. ಅದರ ಮೊಟ್ಟೆಗಳು ನಾಯಿಯ ಮಲದೊಂದಿಗೆ ಹುಲ್ಲು, ನೀರು, ಸೊಪ್ಪನ್ನು ಸೇರಿ ಕುರಿಯ ಹೊಟ್ಟೆಗೆ ಹೋಗುತ್ತವೆ. ಕುರಿಯ ಒಳಾಂಗಗಳಲ್ಲಿ ಗುಳ್ಳೆಯಾಗಿ ಬೆಳೆದದ್ದು ಅದನ್ನು ತಿಂದ ನಾಯಿಯಲ್ಲಿ ಮತ್ತೆ ಹುಳುವಾಗುತ್ತದೆ. ಮನುಷ್ಯ ಈ ಚಕ್ರದಲ್ಲಿ ಆಕಸ್ಮಿಕವಾಗಿ ಸಿಕ್ಕಿಬೀಳುವವನು. ಕರುಳಿನ ಗೋಡೆಯನ್ನು ತೂರಿದ ಮರಿ ಹತ್ತರಲ್ಲಿ ಏಳು ಪಾಲು ಯಕೃತ್ತಿನಲ್ಲಿ, ಎರಡು ಪಾಲು ಶ್ವಾಸಕೋಶದಲ್ಲಿ ತಂಗುತ್ತದೆ ಮತ್ತು ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತದೆ. ಕರ್ನೂಲು ಸೀಮೆಯಲ್ಲಿ ಈ ರೋಗ ಹರಡಿರುವ ಬಗೆಯನ್ನು ಕುರಿತ ಪ್ರಬಂಧ 1968ರಲ್ಲೇ ಪ್ರಕಟವಾಗಿದೆ. ಕರ್ನೂಲಿಗೂ ಬಳ್ಳಾರಿಗೂ ನಡುವೆ ಇರುವುದು ರಾಜ್ಯದ ಗಡಿಯೇ ಹೊರತು ಕುರಿಮಂದೆಯನ್ನು ತಡೆಯುವ ಬೇಲಿಯಲ್ಲ.

ರಕ್ತದ ಮೇಲಿನ ಭರವಸೆಗಿಂತ ಹಳೆಯದು ಚರ್ಮದ ಮೇಲಿನ ಭರವಸೆ. 20ನೇ ಶತಮಾನದ ಎರಡನೇ ದಶಕದಲ್ಲಿ ಇಟಲಿಯ ಕ್ಯಾಸೋನಿ ರೂಪಿಸಿದ ಪರೀಕ್ಷೆಯಲ್ಲಿ ಗುಳ್ಳೆಯ ನೀರನ್ನೇ ಶುದ್ಧಗೊಳಿಸಿ ಮುಂಗೈ ಚರ್ಮದೊಳಗೆ ಚುಚ್ಚಿ, ದದ್ದು ಏಳುವುದೇ ಎಂದು ಕಾಯಲಾಗುತ್ತಿತ್ತು. ಬೇರೆ ಹುಳುಗಳಿದ್ದವರಲ್ಲೂ ದದ್ದು ಏಳುತ್ತಿದ್ದುದರಿಂದ ಅದು ಮೂಲೆ ಸೇರಿತು. ಅದರ ಜಾಗಕ್ಕೆ ಬಂದ ಎಲೈಸಾ, ಹುಳುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆ, ಹೆಚ್ಚು ಸುಸಂಸ್ಕೃತವಾಗಿದ್ದರೂ ಅದೇ ಜಾತಿಗೆ ಸೇರಿದ್ದು. ಗುಳ್ಳೆಯ ಗೋಡೆ ಬಿಗಿಯಾಗಿರುವಷ್ಟು ಕಾಲ ಒಳಗಿನ ವಸ್ತು ರಕ್ತಕ್ಕೆ ಸೋರದೆ ಫಲಿತಾಂಶ ನೆಗೆಟಿವ್ ಬರಬಹುದು. ಹಂದಿಯ ಲಾಡಿಹುಳುವಿನ ಮರಿಗಳು ಮೆದುಳಿನಲ್ಲಿದ್ದವನಿಗೆ ಪಾಸಿಟಿವ್ ಬರಬಹುದು. ಗುಳ್ಳೆಯನ್ನು ತೆಗೆದು ವರ್ಷಗಳಾದ ಮೇಲೂ ಪಾಸಿಟಿವ್ ಆಗಿಯೇ ಉಳಿಯಬಹುದು. ಸೂಕ್ಷ್ಮಜೀವಿಶಾಸ್ತ್ರದ ಮಿತ್ರರು ಇದನ್ನು ಬಹುಕಾಲದಿಂದ ಬಲ್ಲರು, ಬರೆದೂ ಇದ್ದಾರೆ. ಆದರೂ ‘ಎಲೈಸಾ ನೆಗೆಟಿವ್, ಆದ್ದರಿಂದ ಸಾಧಾರಣ ಸಿಸ್ಟ್’ ಎಂಬ ಒಂದು ಸಾಲಿನ ತೀರ್ಪು ಕಡತಗಳಿಂದ ಇನ್ನೂ ಮರೆಯಾಗಿಲ್ಲ.

ಕಸಾಯಿಖಾನೆಯಲ್ಲಿ ನಡೆಯುವ ಪರೀಕ್ಷೆಯನ್ನು ಇಲ್ಲಿ ನೆನೆಯುವುದು ಅನುಚಿತವಾಗಲಾರದು. ಕುರಿಯ ಈಲಿಯನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿ, ಒಂದು ಗುಳ್ಳೆಯನ್ನು ‘ನೀರು’ ಎಂದೂ ಮತ್ತೊಂದನ್ನು ‘ಸುಣ್ಣ’ ಎಂದೂ ಬೇರ್ಪಡಿಸುವ ಕಸುಬುದಾರ ತನಗೆ ಅರಿವಿಲ್ಲದೆಯೇ ರೋಗದ ಹಂತವನ್ನು ನಿರ್ಣಯಿಸುತ್ತಿರುತ್ತಾನೆ. ಕೊಯ್ದ ಚೂರನ್ನು ಬಾಗಿಲಲ್ಲಿ ಕಾದಿರುವ ನಾಯಿಗೆ ಎಸೆಯುವುದು ಬೇರೆ ಮಾತು. ಅದಕ್ಕೆ ಪಶುವೈದ್ಯರ ಗೋಷ್ಠಿಯೇ ಇದೆ.

ಹೆಬ್ಬೆರಳಿನ ಈ ಜ್ಞಾನವನ್ನು ವೈದ್ಯಶಾಸ್ತ್ರಕ್ಕೆ ತಂದದ್ದು ಅಲ್ಟ್ರಾಸೌಂಡ್. ಟ್ಯುನೀಶಿಯದ ಗರ್ಬಿ ಮತ್ತು ಸಂಗಡಿಗರು 1981ರಲ್ಲಿ ಯಕೃತ್ತಿನ ಗುಳ್ಳೆಗಳನ್ನು ಅವುಗಳ ಚಿತ್ರದ ಆಧಾರದಿಂದಲೇ ಐದು ಬಗೆಯಾಗಿ ವಿಂಗಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2003ರಲ್ಲಿ ಅದನ್ನು ಪರಿಷ್ಕರಿಸಿ ಪ್ರಕಟಿಸಿತು. ಮೊದಲ ಹಂತದ ಗುಳ್ಳೆಗೆ ಜೋಡಿ ಗೆರೆಯ ಗೋಡೆಯಿರುತ್ತದೆ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿದರೆ ತಳದಲ್ಲಿ ಕೂತಿದ್ದ ನವಿರು ಮರಳು, ಅಂದರೆ ಹುಳುವಿನ ಅಸಂಖ್ಯ ತಲೆಗಳು, ಎದ್ದು ಹಿಮದಂತೆ ನಿಧಾನವಾಗಿ ಉದುರುವುದು ಪರದೆಯ ಮೇಲೆ ಕಾಣುತ್ತದೆ. ಸಾಧಾರಣ ಸಿಸ್ಟ್ ಹಾಗೆ ಮಾಡುವುದಿಲ್ಲ. ರೋಗಿಯನ್ನು ಹೊರಳಿಸಲು ಅರ್ಧ ನಿಮಿಷ ಸಾಕು, ಖರ್ಚೂ ಇಲ್ಲ. ಎರಡನೆಯದರಲ್ಲಿ ಮರಿಗುಳ್ಳೆಗಳು ಜೇನುಗೂಡಿನಂತೆ ತುಂಬಿಕೊಳ್ಳುತ್ತವೆ. 3ಎ ಹಂತದಲ್ಲಿ ಒಳಪೊರೆ ಕಳಚಿ ನೀರಿನಲ್ಲಿ ತಾವರೆ ಎಲೆಯಂತೆ ತೇಲುತ್ತದೆ. 3ಬಿಯಲ್ಲಿ ಗಟ್ಟಿಯಾದ ತಿರುಳಿನ ನಡುವೆ ಮರಿಗುಳ್ಳೆಗಳು ಉಳಿದಿರುತ್ತವೆ. ನಾಲ್ಕನೆಯದು ಪೂರ್ತಿ ಗಟ್ಟಿ, ಐದನೆಯದು ಸುಣ್ಣಗಟ್ಟಿದ್ದು. ಚಿಕಿತ್ಸೆ ನಿಂತಿರುವುದು ಈ ಹಂತದ ಮೇಲೆ: ಒಂದಕ್ಕೆ ಆಲ್ಬೆಂಡಜೋಲ್ ಮಾತ್ರೆ ಸಾಕಾದರೆ ಇನ್ನೊಂದಕ್ಕೆ ಸೂಜಿ, ಮಗದೊಂದಕ್ಕೆ ಕತ್ತಿ, ಕೊನೆಯ ಎರಡಕ್ಕೆ ತೊಡಕುಗಳಿಲ್ಲದಿದ್ದರೆ ಕಾದು ನೋಡುವುದಷ್ಟೇ. ಸಿಟಿ ಸ್ಕ್ಯಾನ್ ಸುಣ್ಣವನ್ನು ಚೆನ್ನಾಗಿ ತೋರಿಸಿದರೂ ಗುಳ್ಳೆಯೊಳಗಿನ ಈ ನವಿರು ವಿವರಗಳನ್ನು ಅಲ್ಟ್ರಾಸೌಂಡಿನಷ್ಟು ತೋರಿಸದು. ದುಬಾರಿ ಯಂತ್ರವೇ ಮೇಲೆಂಬ ನಂಬಿಕೆ ಇಲ್ಲಿ ಸೋಲುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಬಗೆಹರಿದಿಲ್ಲ, ಮತ್ತು ಈ ಸಂಕಿರಣ ಎರಡು ದಿನ ಅದೊಂದನ್ನೇ ಚರ್ಚಿಸಿದರೂ ನಷ್ಟವಿಲ್ಲ. ಚಿತ್ರದಲ್ಲಿ ಸತ್ತಂತೆ ಕಾಣುವ ಗುಳ್ಳೆ ನಿಜವಾಗಿ ಸತ್ತಿದೆಯೇ? ತಾನಾಗಿ ನಾಲ್ಕನೇ ಹಂತಕ್ಕೆ ಬಂದ ಗುಳ್ಳೆ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ಮಾತ್ರೆ ಕೊಟ್ಟು ಅದೇ ಹಂತಕ್ಕೆ ತಂದ ಗುಳ್ಳೆಗಳಲ್ಲಿ ಹಲವು ಮರಳಿ ಮರಿಗುಳ್ಳೆ ಬಿಡುತ್ತವೆ. ಇಟಲಿಯ ಪವಿಯಾದಲ್ಲಿ ರೋಗಿಗಳನ್ನು ವರ್ಷಾನುವರ್ಷ ಹಿಂಬಾಲಿಸಿದವರು ಕಂಡುಕೊಂಡ ಸಂಗತಿಯಿದು. ಪರದೆಯ ಮೇಲೆ ಎರಡೂ ಒಂದೇ, ಹಣೆಬರಹ ಮಾತ್ರ ಬೇರೆ. ಗುಳ್ಳೆಯ ನೀರನ್ನು ಸೂಜಿಯಿಂದ ಹೀರಿ ಇಯೋಸಿನ್ ಬಣ್ಣ ಬೆರೆಸಿದರೆ ಸತ್ತ ತಲೆಗಳು ಕೆಂಪಾಗುತ್ತವೆ, ಬದುಕಿದ್ದವು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಗಟ್ಟಿಯಾದ ಗುಳ್ಳೆಯಲ್ಲಿ ಹೀರಲು ನೀರೇ ಇರುವುದಿಲ್ಲ, ನೀರಿದ್ದಲ್ಲಿ ಚುಚ್ಚಿದಾಗ ಸೋರಿ ತೀವ್ರ ಅಲರ್ಜಿಯಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಹೊರತೆಗೆದ ಗುಳ್ಳೆಗಳನ್ನು ಮ್ಯಾಗ್ನೆಟಿಕ್ ರೆಸೊನೆನ್ಸ್ ಸ್ಪೆಕ್ಟ್ರೋಸ್ಕೋಪಿಯಿಂದ, ಅಂದರೆ ದ್ರವದ ರಾಸಾಯನಿಕ ಗುರುತುಗಳನ್ನು ಓದುವ ವಿಧಾನದಿಂದ, ಪರೀಕ್ಷಿಸಿದಾಗ 3ಎ ಹಂತದವು ಕೆಲವು ಸತ್ತಿದ್ದವು, ಕೆಲವು ಬದುಕಿದ್ದವು. ದೇಹದೊಳಗಿರುವಾಗಲೇ ಹಾಗೆ ಓದುವ ವಿದ್ಯೆ ರೋಗಿಯ ಹಾಸಿಗೆಯ ಬಳಿಗೆ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಉಳಿದಿರುವ ಏಕೈಕ ಪರೀಕ್ಷೆ ಕಾಲ: ಅದೇ ರೋಗಿಯನ್ನು ಮತ್ತೆ ಕರೆಸಿ, ಅದೇ ಗುಳ್ಳೆಯನ್ನು ಮತ್ತೆ ನೋಡುವುದು. ಹಳೆಯ ವರದಿಯಲ್ಲಿ ಹಂತವನ್ನೇ ಬರೆಯದಿದ್ದರೆ ಅದೂ ವ್ಯರ್ಥ, ಏಕೆಂದರೆ ‘ಹೈಡಾಟಿಡ್ ಸಿಸ್ಟ್, 6 ಸೆಂ.ಮೀ.’ ಎಂಬಷ್ಟನ್ನೇ ಓದಿದವರಿಗೆ ಐದು ವರ್ಷಗಳ ನಂತರ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ನೆರೆದಿರುವ ವಿಕಿರಣತಜ್ಞರಲ್ಲಿ ಒಂದು ವಿನಂತಿ: ನಾಳೆಯ ಮೊದಲ ವರದಿಯಿಂದಲೇ ಗುಳ್ಳೆಯ ಹಂತವನ್ನೂ, ಅದು ತಾನಾಗಿ ಆ ಹಂತಕ್ಕೆ ಬಂದದ್ದೋ ಮಾತ್ರೆಯಿಂದ ಬಂದದ್ದೋ ಎಂಬುದನ್ನೂ ಬರೆಯುವಂತಾಗಲಿ.