ಮಡಿ ನೀರು, ಶುದ್ಧ ನೀರು

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಾಸ್ಟೆಲ್ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು. ಬರೆದುಕೊಂಡವರು ಶಿಬಿರದ ಹುಡುಗರು. ತಿದ್ದಿದ್ದು ಕಡಿಮೆ.)



ಬೆಳಿಗ್ಗೆ ಎದ್ದಿರಿ, ನಲ್ಲಿ ತಿರುಗಿಸಿದಿರಿ, ನೀರು ಬಂತು. ಕಕ್ಕಸಿಗೆ ಹೋದಿರಿ, ಒಂದು ಬಕೆಟ್ ಹುಯ್ದಿರಿ, ಅದು ಹೋಯ್ತು. ಆ ನೀರು ಎಲ್ಲಿಂದ ಬಂತು, ಇದು ಎಲ್ಲಿಗೆ ಹೋಯ್ತು ಅಂತ ನಾನು ಕೇಳಿದರೆ ನೀವು ನಗ್ತೀರಿ. ಇದೇನು ಭಾಷಣದ ವಿಷಯವಾ, ಅಂಬೇಡ್ಕರ್ ಬಗ್ಗೆ ಹೇಳಿ, ಮೀಸಲಾತಿ ಬಗ್ಗೆ ಹೇಳಿ ಅಂತೀರಿ. ನಾನು ಅದನ್ನೇ ಹೇಳೋಕೆ ಬಂದಿರೋದು. ನಲ್ಲಿಯಿಂದ ಶುರು ಮಾಡ್ತೀನಿ ಅಷ್ಟೇ.

ನಮ್ಮ ತಾತ ನೀರುಗಂಟಿ. ಈ ಸೀಮೆಯ ಕೆರೆಯೂರುಗಳಲ್ಲಿ ನೀರುಗಂಟಿ ಅಂದರೆ ಬಹುಪಾಲು ನಮ್ಮ ಕೇರಿಯವನೇ. ತೂಬು ಎತ್ತೋನು ಅವನು, ಇಳಿಸೋನು ಅವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಗಣ್ಣಿಗೆ ಮೊದಲು ಅನ್ನೋದು ಅವನ ತಲೆಯಲ್ಲಿ ಇರ್ತಿತ್ತು. ಮಳೆಗಾಲದ ರಾತ್ರಿ ಕೋಡಿ ಹತ್ತಿರ ಕಂಬಳಿ ಹೊದ್ದು ಕಾಯೋನೂ ಅವನೇ. ಏರಿ ಒಡೆದರೆ ಊರು ಹೋಗುತ್ತಲ್ಲ! ಸುಗ್ಗಿಯಲ್ಲಿ ಇಷ್ಟು ಕಂತೆ ಬತ್ತ ಕೊಡೋರು. ಊರಿಗೆಲ್ಲ ನೀರು ಹಂಚಿದ ಈ ಕೈ, ಊರ ಬಾವಿಯ ಹಗ್ಗ ಮುಟ್ಟೋ ಹಾಗಿರಲಿಲ್ಲ. ಕೆರೆಯ ನೀರು ನಮ್ಮ ತಾತನ ಕೈಯಿಂದ ಗದ್ದೆಗೆ ಹೋದರೆ ಮೈಲಿಗೆ ಇಲ್ಲ, ಬಾವಿಯ ನೀರು ಅದೇ ಕೈಯಿಂದ ಬಿಂದಿಗೆಗೆ ಹೋದರೆ ಮೈಲಿಗೆ. ತೋಟಿ, ತಳವಾರ, ನೀರುಗಂಟಿ ಇಂಥ ಹುಟ್ಟುಚಾಕರಿಗಳನ್ನೆಲ್ಲ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕಿತು. ಕಾಗದದಲ್ಲಿ ತೆಗೀತು ಅನ್ನಿ. ಈಗ ಪುರಸಭೆಯ ವಾಲ್ವ್‌ಮನ್ ಯಾರು, ಪಂಚಾಯ್ತಿಯ ವಾಟರ್‌ಮನ್ ಯಾರು, ಒಂದು ಸಲ ನೋಡಿಕೊಂಡು ಬನ್ನಿ. ಎಷ್ಟೋ ಊರಲ್ಲಿ ಜನ ಅವನನ್ನು ಕರೆಯೋದು ಇವತ್ತಿಗೂ ನೀರುಗಂಟಿ ಅಂತಲೇ.

ಶ್ರೀರಂಗಪಟ್ಟಣದ ಗೆಳೆಯರಿಗೆ ಬಂಗಾರದೊಡ್ಡಿ ನಾಲೆ ಗೊತ್ತಿರಬೇಕು. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು, ಅಂದರೆ 1638ರಿಂದ 1659ರ ನಡುವಿನ ಕೆಲಸ. ಕಾವೇರಿಯ ನೀರನ್ನು ಹೊಳೆಯ ಮೇಲೇ ದಾಟಿಸಿ ದ್ವೀಪದ ಒಳಕ್ಕೆ ತಂದರು. ದೊಡ್ಡ ಸಾಹಸ, ಒಪ್ಪೋಣ. ರಾಜನ ಹೆಸರು ಉಳಿದಿದೆ. ವರ್ಷಾವರ್ಷ ನಾಲೆಗೆ ಇಳಿದು ಹೂಳು ತೆಗೆದ ಜನರ ಹೆಸರು ಯಾವ ಶಾಸನದಲ್ಲಿದೆ? ಇದು ಹಳೇ ಗೋಳು, ನಿಮಗೂ ಕೇಳಿ ಸಾಕಾಗಿರಬಹುದು. ಮುಂದಕ್ಕೆ ಹೋಗ್ತೀನಿ.

ನೀರು ಶುದ್ಧ ಆಗೋದು ಹೇಗೆ? ಹೊಳೆಯ ನೀರನ್ನು ಜಾಕ್‌ವೆಲ್‌ನಿಂದ ಎತ್ತುತ್ತಾರೆ. ಆಲಂ, ಅಂದರೆ ಪಟಿಕ ಹಾಕ್ತಾರೆ. ಮಣ್ಣಿನ ಕಣಗಳೆಲ್ಲ ಒಂದಕ್ಕೊಂದು ಅಂಟಿ ಹತ್ತಿಯ ಹಾಗೆ ಗಂಟಾಗಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿ ಮರಳಿನ ಮೂಲಕ ಸೋಸಿ ಹೋಗುತ್ತೆ. ಕೊನೆಗೆ ಕ್ಲೋರಿನ್. ಕಣ್ಣಿಗೆ ಕಾಣದ ರೋಗಾಣುಗಳನ್ನು ಕೊಲ್ಲೋದು ಅದು. ಹಾಕಿದ ಕೂಡಲೇ ಸಾಯೋದಿಲ್ಲ, ಅರ್ಧ ಗಂಟೆಯಾದರೂ ಬೇಕು. ಅಷ್ಟಾದ ಮೇಲೂ ನಲ್ಲಿಯ ತುದಿಗೆ ಬರುವಾಗ ಒಂದು ಲೀಟರ್‌ಗೆ ಕಡೇಪಕ್ಷ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಭಾರತೀಯ ಮಾನಕ ಹೇಳುತ್ತೆ. ದಾರಿಯಲ್ಲಿ ಕೊಳೆ ಸೇರಿದರೆ ಅದನ್ನೆದುರಿಸೋಕೆ ಇರೋ ಕಾವಲುಗಾರ ಅದು.

ಸಣ್ಣ ಊರಲ್ಲಿ, ಕೇರಿಯಲ್ಲಿ ಇಷ್ಟೆಲ್ಲ ಯಂತ್ರ ಇಲ್ಲ. ಒಂದು ಟ್ಯಾಂಕು, ಒಂದು ಚೀಲ ಬ್ಲೀಚಿಂಗ್ ಪುಡಿ. ಇದರ ಲೆಕ್ಕ ಬರೆದುಕೊಳ್ಳಿ, ಸೈನ್ಸ್ ಹುಡುಗರು ತಪ್ಪಿದ್ದರೆ ತಿದ್ದಿ. ಟ್ಯಾಂಕು ಒಂದು ಲಕ್ಷ ಲೀಟರಿನದು. ಲೀಟರಿಗೆ 1 ಮಿಲಿಗ್ರಾಂ ಹಾಕಬೇಕು ಅಂದರೆ 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪುಡಿಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಕ್ಲೋರಿನ್ ಇರೋದರಿಂದ ಪುಡಿ 300 ಗ್ರಾಂ. ಚೀಲದ ಬಾಯಿ ತೆರೆದಿಟ್ಟು, ತೇವ ತಾಗಿ, ಶಕ್ತಿ ನೂರಕ್ಕೆ 25ಕ್ಕೆ ಇಳಿದಿದ್ದರೆ 400 ಗ್ರಾಂ. ಪೂರಾ ಸತ್ತ ಪುಡಿ ಆಗಿದ್ದರೆ ಎಷ್ಟು ಹುಯ್ದರೂ ಸುಣ್ಣ ಹುಯ್ದ ಹಾಗೆ. ಬಕೆಟ್ಟಿನಲ್ಲಿ ಕಲಸಿ, ತಳ ಕೂರೋಕೆ ಬಿಟ್ಟು, ತಿಳಿಯನ್ನು ಮಾತ್ರ ಟ್ಯಾಂಕಿಗೆ ಹುಯ್ಯಬೇಕು. ಈ ಲೆಕ್ಕವನ್ನು ನಮ್ಮ ವಾಟರ್‌ಮನ್‌ಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದಾರಾ? ಬಹಳ ಕಡೆ ‘ಒಂದು ಚೊಂಬು ಹಾಕು’ ಅಂತ ಹೇಳಿರ್ತಾರೆ. ಆತ ಮೂಗಿಗೆ ಟವಲು ಕಟ್ಟಿಕೊಂಡು ಏಣಿ ಹತ್ತಿ ಒಂದು ಚೊಂಬು ಹಾಕಿ ಇಳೀತಾನೆ. ಜನ ವಾಂತಿ ಭೇದಿ ಅಂತ ಮಲಗಿದಾಗ ಮೊದಲು ಅಮಾನತು ಆಗೋನೂ ಅವನೇ.

ಅಂದ ಹಾಗೆ ಇನ್ನೊಂದು ಮಾತು. ಕೊಳವೆ ಬಾವಿಯನ್ನೇ ನಂಬಿದ ಒಣಸೀಮೆಯ ಹಳ್ಳಿಗಳಿಂದ ಬಂದವರು ಇಲ್ಲಿದ್ದೀರಿ. ನೀರಲ್ಲಿ ಫ್ಲೋರೈಡ್ ಇದ್ದರೆ ಅದು ಕ್ಲೋರಿನ್‌ಗೂ ಹೋಗಲ್ಲ, ಕುದಿಸಿದರೂ ಹೋಗಲ್ಲ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ದಾರಿ.

ಈಗ ಪೈಪಿನ ಜಾತಿ ಬಗ್ಗೆ ಹೇಳ್ತೀನಿ. ನಗಬೇಡಿ. ಟ್ಯಾಂಕಿನಿಂದ ಹೊರಟ ಪೈಪು ಮೊದಲು ಎಲ್ಲಿಗೆ ಹೋಗುತ್ತೆ, ಕೊನೆಗೆ ಎಲ್ಲಿಗೆ ಬರುತ್ತೆ? ಕೇರಿ ಬಹಳ ಕಡೆ ಲೈನಿನ ಬಾಲದಲ್ಲಿದೆ. ಬಾಲಕ್ಕೆ ಬರೋ ಹೊತ್ತಿಗೆ ಒತ್ತಡವೂ ಇಲ್ಲ, ಕ್ಲೋರಿನ್ನೂ ಇಲ್ಲ. ಒತ್ತಡ ಇಲ್ಲ ಅಂತ ನಮ್ಮ ಅವ್ವಂದಿರು ಏನು ಮಾಡ್ತಾರೆ? ಗುಂಡಿ ತೋಡಿ ನಲ್ಲಿಯನ್ನು ಕೆಳಗಿಳಿಸ್ತಾರೆ. ಗುಂಡಿಯ ಪಕ್ಕದಲ್ಲೇ ಚರಂಡಿ. ನೀರು ಬಿಟ್ಟಾಗ ಪೈಪು ತುಂಬಿ ಹೊರಕ್ಕೆ ಒತ್ತುತ್ತೆ. ವಾಲ್ವ್ ಮುಚ್ಚಿದ ಮೇಲೆ ಒಳಗೆ ಖಾಲಿ, ಆಗ ಬಿರುಕಿನಿಂದ ಹೊರಗಿನದ್ದನ್ನು ಒಳಕ್ಕೆ ಹೀರಿಕೊಳ್ಳುತ್ತೆ. ಎರಡು ದಿನಕ್ಕೊಮ್ಮೆ ನೀರು ಬಿಡೋ ಊರಲ್ಲಿ, ಮೊದಲು ಬರೋ ನಾಲ್ಕು ಬಿಂದಿಗೆ ಆ ಎರಡು ದಿನದ ಚರಂಡಿಯ ಪಾಲು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರಕ್ಕೆ ಅಂಟಿಕೊಂಡಿರುವ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಹಲವರು ಸತ್ತರು, ಅದರಲ್ಲಿ ಇಪ್ಪತ್ತು ದಾಟಿದ ನಿಮ್ಮ ವಯಸ್ಸಿನವರೂ ಇದ್ದರು.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಬಂತು. ಜಾನ್ ಸ್ನೋ ಅನ್ನೋ ಡಾಕ್ಟರು ಮನೆ ಮನೆ ತಿರುಗಿ ಸತ್ತವರ ಲೆಕ್ಕ ಹಾಕಿ, ಬಹುಪಾಲು ಜನ ಒಂದೇ ಪಂಪಿನ ನೀರು ಕುಡಿದೋರು ಅಂತ ತೋರಿಸಿದ. ಪಂಪಿನ ಹಿಡಿಯನ್ನು ಕಳಚಿಸಿದರು. ನೀರು ಕೆಡೋದು ಮುಟ್ಟಿದ ಮನುಷ್ಯನ ಜಾತಿಯಿಂದಲ್ಲ, ಸೇರಿದ ಮಲದಿಂದ ಅನ್ನೋದು ಅಲ್ಲಿಗೆ ಗೊತ್ತಾಯ್ತು. ಅದಾಗಿ ಎಪ್ಪತ್ತಮೂರು ವರ್ಷ ಕಳೆದು, 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದರು. ಆ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು, ಅದು ಕಡತದಲ್ಲೇ ಕೂತಿತ್ತು. ಬಾಬಾಸಾಹೇಬರು ಕುಡಿದು ಹೋದ ಮೇಲೆ ಸವರ್ಣೀಯರು ಏನು ಮಾಡಿದರು? ನೂರೆಂಟು ಕೊಡ ನೀರು ಎತ್ತಿ, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಕೆರೆಗೆ ಹುಯ್ದು ಶುದ್ಧಿ ಮಾಡಿದರು! ಕುಡಿಯೋ ನೀರಿಗೆ ಸಗಣಿ. ಮಡಿ ನೀರು ಅಂದರೆ ಇದು. ಬ್ಲೀಚಿಂಗ್ ಪುಡಿ ಹೊತ್ತು ಏಣಿ ಹತ್ತೋ ನಮ್ಮೋನು ಕೊಡೋದು ಶುದ್ಧ ನೀರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಬೀದಿಯ ಕಡೆಗೆ ಬರ್ತೀನಿ. ಮೇಲುಕೋಟೆಯ ವೈರಮುಡಿಗೆ, ಶ್ರೀರಂಗಪಟ್ಟಣದ ದಸರಾಕ್ಕೆ, ಹೇಮಗಿರಿಯ ದನಗಳ ಜಾತ್ರೆಗೆ, ಆದಿಚುಂಚನಗಿರಿಯ ಜಾತ್ರೆಗೆ ನೀವು ಹೋಗಿದ್ದೀರಿ. ಮಾರನೇ ದಿನ ಬೆಳಗಿನ ಜಾವ ಐದು ಗಂಟೆಗೆ ಹೋಗಿದ್ದೀರಾ? ಎಲೆ, ಪ್ಲಾಸ್ಟಿಕ್ಕು, ಉಚ್ಚೆ, ಹೇಲು, ವಾಂತಿ. ದೇವರು ಗುಡಿ ಸೇರಿ ಮಲಗಿರ್ತಾನೆ, ಪೊರಕೆ ಹಿಡಿದ ಹೆಂಗಸರು ಬಗ್ಗಿರ್ತಾರೆ. ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಅಸ್ಥಿ ಬಿಟ್ಟು, ಉಟ್ಟ ಬಟ್ಟೆಯನ್ನೂ ಹೊಳೆಗೇ ಬಿಟ್ಟು ಪುಣ್ಯ ತಗೊಂಡು ಹೋಗೋರ ಬಟ್ಟೆ ರಾಶಿಯನ್ನು ಎಳೆದು ಹಾಕೋ ಕೈಗಳೂ ಇವರವೇ. ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳು ತೆಗೀತಾರೆ, ಸರಿ. ತೆಗೆದ ಹೂಳನ್ನು ಅದೇ ದಿನ ಸಾಗಿಸೋಕೆ ಗಾಡಿ ಕೊಡದಿದ್ದರೆ ಮೊದಲ ಮಳೆಗೆ ಅದು ಮತ್ತೆ ಚರಂಡಿಗೇ ಇಳಿದು ರಸ್ತೆಯೆಲ್ಲ ಕೆರೆ. ಜನ ಬಯ್ಯೋದು ಗುಡಿಸೋರನ್ನ.

ನಮ್ಮವ್ವ ಒಂದು ಊರಿನ ಪುರಸಭೆಯಲ್ಲಿ ಗುಡಿಸೋ ಕೆಲಸದಲ್ಲಿದ್ದಳು. ಊರ ಹೆಸರು ಬೇಡ. ಒಂದು ಗಾಂಧಿ ಜಯಂತಿಯ ದಿನ ಎಲ್ಲರಿಗೂ ಕೈಗವಸು, ಬೂಟು ಕೊಟ್ಟರು. ಫೋಟೋ ಆಯ್ತು. ಸಂಜೆ ಸ್ಟೋರಿಗೆ ವಾಪಸ್ ಕೊಡಿ ಅಂದರು, ಸಹಿ ಹಾಕಿಸಿಕೊಂಡು. ನಾನು ಆಗ ಪಿಯುಸಿ, ರೇಗಾಡಿದೆ. ಅವ್ವ ಅಂದಳು, ‘ಬುಡು ಮಗ, ಆ ಬೂಟು ಎಡಗಾಲಿಗೆ ಕಚ್ತಿತ್ತು.’ ಫೋಟೋ ಈಗಲೂ ಮನೆಯಲ್ಲಿದೆ.

1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ‘ಬೂಸಾ’ ಗಲಾಟೆ ಎಲ್ಲರಿಗೂ ನೆನಪಿದೆ, ಈ ಕೆಲಸ ನೆನಪಿಲ್ಲ. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕನ್ನು ನೋಡಿ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಕಾರ್ಮಿಕ ಇರಲಿ ಅಂದಿತು. ಸರ್ಕಾರ ಆಮೇಲೆ 700ಕ್ಕೆ ಒಬ್ಬ ಅಂತ ಮಾಡಿಕೊಂಡಿತು. ಮೂವತ್ತೈದು ಸಾವಿರ ಜನರ ಊರಿಗೆ ಸಾಲಪ್ಪನವರ ಲೆಕ್ಕದಲ್ಲಿ 70 ಕೈ, ಸರ್ಕಾರದ ಲೆಕ್ಕದಲ್ಲಿ 50. ನಿಮ್ಮ ಊರಲ್ಲಿ ಎಷ್ಟಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಕೇಳಿ. ಗುತ್ತಿಗೆ ಪದ್ಧತಿಯಲ್ಲಿ ಎಷ್ಟೋ ವರ್ಷ ಸವೆದು, 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಆಮೇಲೆ ಸರ್ಕಾರ 11,133 ಜನರನ್ನು ಖಾಯಂ ಮಾಡಲು ಒಪ್ಪಿತು. ಕೇಳಿ ಪಡೆದದ್ದಲ್ಲ ಅದು, ಕಸ ಕೊಳೆತ ಮೇಲೆ ಪಡೆದದ್ದು. ಲೋಡರುಗಳು, ಗಾಡಿ ಚಾಲಕರು, ಒಳಚರಂಡಿ ಸಹಾಯಕರು ನಮ್ಮನ್ನೂ ಸೇರಿಸಿ ಅಂತ ಅದಾದ ಮೇಲೂ ಬೀದಿಗಿಳಿಯಬೇಕಾಯ್ತು.

1968ರಲ್ಲಿ ಅಮೆರಿಕಾದ ಮೆಂಫಿಸ್‌ನಲ್ಲೂ ಹೀಗೇ. ಇಬ್ಬರು ಕಪ್ಪು ಕಾರ್ಮಿಕರನ್ನು ಕಸದ ಲಾರಿಯ ಯಂತ್ರ ಜಜ್ಜಿ ಕೊಂದಿತು. 1,300 ಜನ ಕೆಲಸ ಬಿಟ್ಟರು. ಅವರ ಬೋರ್ಡಿನ ಮೇಲೆ ಸಂಬಳದ ಮಾತಿರಲಿಲ್ಲ, ‘ನಾನು ಮನುಷ್ಯ’ ಅಂತ ಬರೆದಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ನಿಲ್ಲೋಕೆ ಅಲ್ಲಿಗೆ ಹೋದಾಗಲೇ, ಏಪ್ರಿಲ್ 4ರಂದು, ಗುಂಡಿಗೆ ಬಲಿಯಾದರು. ನಮ್ಮ ಸವಣೂರಿನಲ್ಲಿ 2010ರ ಜುಲೈನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಆ ಫೋಟೋ ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಸೇರಿತು, ಅದನ್ನೂ ಹೇಳಬೇಕು.

ಈಗ ಗುಂಡಿಯ ವಿಷಯ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಮ್ಯಾನ್‌ಹೋಲ್‌ನಲ್ಲಿ, ಪಿಟ್ಟಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ಗಾಳಿ ಇರುತ್ತೆ. ಕೊಳೆತ ಮೊಟ್ಟೆಯ ವಾಸನೆ. ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತೆ. ‘ವಾಸನೆ ಹೋಯ್ತು, ಇಳಿಯಬಹುದು’ ಅಂದ ಹೊತ್ತು ಬಹಳ ಅಪಾಯದ ಹೊತ್ತು. ಒಬ್ಬ ಇಳಿದು ಕುಸೀತಾನೆ, ಅವನನ್ನು ಎತ್ತೋಕೆ ಅಣ್ಣ ಇಳೀತಾನೆ, ಅಣ್ಣನನ್ನು ಎತ್ತೋಕೆ ಭಾವ. ಪೇಪರಿನಲ್ಲಿ ‘ಮೂವರ ಸಾವು’ ಅಂತ ಬರೋದು ಹೀಗೆ. ಬಟ್ಟೆ ಕಟ್ಟಿದರೆ ಈ ಗಾಳಿ ನಿಲ್ಲೋದಿಲ್ಲ. ಬೆಂಕಿಕಡ್ಡಿ ಗೀರಿ ನೋಡೋದು ಇನ್ನೂ ಕೇಡು, ಮೀಥೇನ್ ಹೊತ್ತಿಕೊಳ್ಳುತ್ತೆ.

1993ರಲ್ಲಿ ಒಂದು ಕಾಯ್ದೆ ಬಂತು. 2013ರಲ್ಲಿ ಅದಕ್ಕಿಂತ ಬಿಗಿಯಾದದ್ದು ಬಂತು, ಜಾರಿಗೆ ಬಂದ ದಿನ ಡಿಸೆಂಬರ್ 6, ಬಾಬಾಸಾಹೇಬರು ತೀರಿಕೊಂಡ ದಿನ. ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ರಕ್ಷಣೆ ಇಲ್ಲದೆ ಮನುಷ್ಯನನ್ನು ಇಳಿಸಿದರೆ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ‘ರಕ್ಷಣೆ ಇಲ್ಲದೆ’ ಅನ್ನೋ ಆ ಎರಡು ಪದದ ಸಂದಿಯಲ್ಲಿ ಎಷ್ಟೋ ಜನ ನುಸುಳಿ ಹೋದರು. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸುವುದು ನಿಲ್ಲಬೇಕು ಅಂತ ಆದೇಶಿಸಿತು. ನಾಗಮಂಗಲ ಮಹಾನಗರ ಅಲ್ಲವಲ್ಲ ಅಂತ ಯಾರಾದರೂ ಹೇಳಿದರೆ, 2013ರ ಕಾಯ್ದೆ ನಾಗಮಂಗಲಕ್ಕೂ ಉಂಟು ಅಂತ ಹೇಳಿ. 2015ರ ತಿದ್ದುಪಡಿ ಆದ ಮೇಲೆ ನಮ್ಮವರಿಂದ ಮಲ ಬಾಚಿಸೋದು ದೌರ್ಜನ್ಯ ತಡೆ ಕಾಯ್ದೆಯ ಕೆಳಗೂ ಅಪರಾಧ.

ನಿಮ್ಮ ಹಾಸ್ಟೆಲಿಗೂ ಒಂದು ಪಿಟ್ಟು ಇದೆಯಲ್ಲ. ಅದು ತುಂಬುತ್ತೆ. ಸಕ್ಕಿಂಗ್ ಗಾಡಿ ಬಂದು ಮೇಲಿನ ನೀರು ಎಳೆಯುತ್ತೆ. ತಳದ ಗಟ್ಟಿ ಎಳೆಯೋದಿಲ್ಲ. ಆಗ ಒಂದು ಫೋನು ಹೋಗುತ್ತೆ, ಸಂಜೆ ಕತ್ತಲಾದ ಮೇಲೆ ಇಬ್ಬರು ಬರ್ತಾರೆ, ಒಂದು ಕ್ವಾರ್ಟರ್ ಬಾಟಲಿ, ಐನೂರೋ ಸಾವಿರವೋ. ನೀವು ಒಳಗೆ ಓದ್ತಾ ಇರ್ತೀರಿ. ಅಂಬೇಡ್ಕರ್ ಫೋಟೋ ಇರೋ ಅದೇ ಹಾಲಿನಲ್ಲಿ. ಇಳಿಯೋನು ನಿಮ್ಮಲ್ಲೇ ಯಾರದೋ ಸೋದರಮಾವ ಆಗಿರಬಹುದು. ಅವತ್ತು ಪುಸ್ತಕ ಮುಚ್ಚಿಟ್ಟು ಎಲ್ಲರೂ ಹೋಗಿ ಆ ಮುಚ್ಚಳದ ಮೇಲೆ ನಿಂತುಕೊಳ್ಳಿ. ನೀರು ಹಾಕಿ ಕಲಕಿ ಯಂತ್ರದಲ್ಲೇ ಎಳೀರಿ, ಆಗದಿದ್ದರೆ ದೊಡ್ಡ ಯಂತ್ರ ತರಿಸಿ ಅಂತ ಬರವಣಿಗೆಯಲ್ಲಿ ಕೊಡಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ.

ನಾಲ್ಕೂ ತಾಲ್ಲೂಕಿನ ಹಾಸ್ಟೆಲಿನವರು ಇಲ್ಲಿದ್ದೀರಿ. ನಿಮ್ಮ ಹಾಸ್ಟೆಲಿನ ಪಿಟ್ಟಿನ ಮುಚ್ಚಳ ಎಲ್ಲಿದೆ ಅಂತ ಗೊತ್ತಿರೋರು ಕೈ ಎತ್ತಿ ನೋಡೋಣ.

(ನಾಲ್ಕು ಕೈ ಎದ್ದವು. ಚರ್ಚೆ ಊಟದ ನಂತರ ಮುಂದುವರಿಯಿತು.)