ಕೆಂಪು ಅದಿರಿನ ಊರಿಗೆ ಬಂದ ಸುಣ್ಣಕಲ್ಲು



ಓಬಳಾಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಕಬ್ಬಿಣದ ಅದಿರು, ಗಡಿ ತಕರಾರು, ಕೋರ್ಟು ಕೇಸು. ಇಂಥ ಊರಲ್ಲಿ ಸುಣ್ಣಕಲ್ಲಿನ ಪ್ರದರ್ಶನವೇಕೆ? ಅದಿರೊಂದರಿಂದಲೇ ಕಬ್ಬಿಣ ಆಗುವುದಿಲ್ಲ, ಅದಕ್ಕೆ. ಊದುಕುಲುಮೆಗೆ ಅದಿರು, ಕೋಕ್ ಜೊತೆ ಸುಣ್ಣಕಲ್ಲೂ ಬೀಳಬೇಕು. ಕಾವಿಗೆ ಅದು ಸುಣ್ಣವಾಗಿ, ಅದಿರಿನೊಳಗಿನ ಮರಳಿನಂಶವನ್ನು ಹಿಡಿದುಕೊಂಡು ಕಿಟ್ಟವಾಗಿ ತೇಲುತ್ತದೆ. ಕರಗಿದ ಕಬ್ಬಿಣ ತಳಕ್ಕಿಳಿಯುತ್ತದೆ. ಆ ಕಿಟ್ಟವೂ ವ್ಯರ್ಥವಲ್ಲ, ಅರೆದು ಸಿಮೆಂಟಿಗೆ ಬೆರೆಸುತ್ತಾರೆ.

ಸುಣ್ಣಕಲ್ಲು ಇದೇ ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಡಿ ಪದರಪದರವಾಗಿ ಕೂತ ಕಲ್ಲು ಅದು. ಕಲಬುರಗಿಯ ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯದೂ ಅಂಥದೇ. ಆ ಪದರಗಳೇ ಕೆಲಸದ ರೀತಿಯನ್ನು ನಿರ್ಧರಿಸುತ್ತವೆ. ಮೇಲ್ಮಣ್ಣು ಸರಿಸಿ, ಬೇಕಾದ ಅಳತೆಗೆ ಗೆರೆ ಕೊರೆದು, ಪದರದ ಸಂದಿಗೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಸಂದಿ ಬಿಟ್ಟಮೇಲೆ ಹಾರೆಯಿಂದ ಮೀಟಿದರೆ ಚಪ್ಪಡಿ ಇಡಿಯಾಗಿ ಎದ್ದುಬರುತ್ತದೆ. ಗೆರೆ ಕೊರೆಯಲು ಈಗ ಚಕ್ರಗರಗಸ ಬಂದಿದೆ. ಪದರ ಬಿಡಿಸುವ ಹದ ಮಾತ್ರ ಇವತ್ತಿಗೂ ಪಳಗಿದ ಕೈಗಳದು. ಇಲ್ಲಿ ಮದ್ದು ಸಿಡಿಸಿದರೆ ಚಪ್ಪಡಿಯೇ ಚೂರಾಗುತ್ತದೆ. ಬಳ್ಳಾರಿ, ರಾಯದುರ್ಗದ ಎಷ್ಟೋ ಮನೆಗಳ ಅಡುಗೆಕಟ್ಟೆಯ ಕಡಪ ಕಲ್ಲು ಹೀಗೆಯೇ ಎದ್ದುಬಂದದ್ದು.

ಸಿಮೆಂಟಿನವರ ಗಣಿ ಇದಕ್ಕೆ ತದ್ವಿರುದ್ಧ. ಅವರಿಗೆ ಚೂರೇ ಬೇಕು.

ಮೆಟ್ಟಿಲುಮೆಟ್ಟಿಲಾಗಿ ಅಗೆದ ಕಣಿವೆ, ಸಾಲಾಗಿ ಕೊರೆದ ತೂತು, ಅದರೊಳಗೆ ಮದ್ದು. ಸಿಡಿದ ಕಲ್ಲನ್ನು ಡಂಪರ್ ಕ್ರಷರಿಗೆ ಸುರಿಯುತ್ತದೆ; ಅರೆದ ಪುಡಿ ಜೇಡಿಯೊಡನೆ ಸೇರಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯುತ್ತದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ ಸಿಗುವ ಸುಣ್ಣ 56 ಕಿಲೋ; ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಸಿಮೆಂಟಿನ ಲೆಕ್ಕ ಹಾಕುವಾಗ ಇದನ್ನು ಬಿಡಬಾರದು.

ಕಾರ್ಮಿಕರ ಉಸಿರನ್ನಂತೂ ಬಿಡಲೇಬಾರದು. ಕಲ್ಲಿನ ದೂಳಿನಲ್ಲಿ ಸಿಲಿಕಾ ಇದ್ದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ತಡೆಯುವ ದಾರಿ ಮಾತ್ರ ಸುಲಭದ್ದು: ಕೊರೆಯುವಾಗ ನೀರು ಹಾಯಿಸಬೇಕು, ಮುಖಕ್ಕೆ ಸರಿಯಾದ ಮಾಸ್ಕ್ ಇರಬೇಕು. ಅಗೆದು ಬಿಟ್ಟ ಗುಂಡಿಗಳ ವಿಷಯವೂ ಇದೆ. ದೊಡ್ಡ ಗಣಿಗಳಿಗೆ ಮುಚ್ಚುವ ಯೋಜನೆಯನ್ನು ಕಾನೂನೇ ಕಡ್ಡಾಯ ಮಾಡಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದನ್ನು ಕಂಡ ಈ ಸೀಮೆಯ ಜನರಿಗೆ ಆ ಯೋಜನೆಯ ಕಾಗದ ಕೇಳುವ ಹಕ್ಕೂ ಇದೆ, ಅನುಭವವೂ ಇದೆ.

ಮಕ್ಕಳು ಮೊದಲು ಒಳಗೆ ಬರಲಿ. ಚಪ್ಪಡಿಗಳನ್ನು ಮುಟ್ಟಿ, ಎತ್ತಿ ನೋಡಲಿ. ಪ್ರದರ್ಶನ ಈಗ ಆರಂಭವಾಗಿದೆ.